ಫಸ್ಟ್ ಗೇರಿನಲ್ಲಿ ಕಲಿತ ತಾಳ

ನಮ್ಮ ಮನೆಯಲ್ಲಿ ಊಟವಾದ ಮೇಲೆ ಎಲ್ಲರ ತಟ್ಟೆ ತೊಳೆಯುವ ಕೆಲಸ ವಾದದಲ್ಲಿ ಸೋತವರದು. ಈ ಕಾನೂನು ತಂದವಳು ಅಜ್ಜಿ, ಅಪ್ಪನ ತಾಯಿ. "ಈ ಮನೇಲಿ ಎಲ್ರಿಗೂ ಬಾಯಿದೆ, ಕೈ ಯಾರಿಗೂ ಇಲ್ಲ" ಎಂದು ಒಂದು ದಿನ ಒಣಗಿದ ಎಂಜಲು ತಟ್ಟೆಗಳ ಮುಂದೆ ಕೂತು ಹೇಳಿದಳು. ಮಾರನೆಯ ದಿನದಿಂದ ಅದು ಜಾರಿಗೆ ಬಂತು. ಭದ್ರಾವತಿಯ ನ್ಯೂ ಟೌನಿನಲ್ಲಿ ಎಂದೋ ಕಟ್ಟಿದ ಕ್ವಾರ್ಟರ್ಸ್‌ಗಳ ಸಾಲಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕಾದ ಅಡುಗೆಮನೆ, ಹಿತ್ತಲಲ್ಲಿ ಒಂದು ನಲ್ಲಿ, ಅದರ ಬುಡದಲ್ಲಿ ಬಟ್ಟೆ ಒಗೆಯುವ ಕಲ್ಲು. ಸೋತವರು ತಟ್ಟೆಗಳನ್ನು ಪೇರಿಸಿಕೊಂಡು ಹೋಗುತ್ತಿದ್ದದ್ದು ಆ ಕಲ್ಲಿನ ಹತ್ತಿರಕ್ಕೆ. ವಾದ ಯಾವುದರ ಮೇಲೂ ಆಗಬಹುದಿತ್ತು. ಬಸಳೆ ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತೇ, ಪಕ್ಕದ ಮನೆಯ ಬೆಕ್ಕಿಗೆ ತನ್ನ ಹೆಸರು ಗೊತ್ತೇ, ಗಾಜನೂರು ಡ್ಯಾಮಿನ ಗೇಟು ತೆಗೆದರೆ ಆ ನೀರು ಶಿವಮೊಗ್ಗದ ಸೇತುವೆ ಮುಟ್ಟಲು ಎಷ್ಟು ಹೊತ್ತು ಬೇಕು. ಅಜ್ಜಿ ಬಾಗಿಲ ಪಕ್ಕ ಮಣೆ ಹಾಕಿಕೊಂಡು, ಎಲೆಗೆ ಸುಣ್ಣ ಸವರುತ್ತ ಎರಡೂ ಕಡೆ ಕೇಳುತ್ತಿದ್ದಳು. ಎಲೆ ಬಾಯಿಗೆ ಹೋಯಿತು ಎಂದರೆ ವಾದ ಮುಗಿಯಿತು ಎಂದು ಅರ್ಥ. ಆಮೇಲೆ ಅವಳು ಬೆರಳು ತೋರಿಸುತ್ತಿದ್ದಳು, ಅದು ಯಾರ ಕಡೆಗೋ ಅವರು ಎದ್ದು ತಟ್ಟೆ ಎತ್ತಬೇಕು. ಮೇಲ್ಮನವಿ ಇರಲಿಲ್ಲ.

ಆ ಬೆರಳು ಹೆಚ್ಚಾಗಿ ತಿರುಗುತ್ತಿದ್ದದ್ದು ಅಪ್ಪನ ಕಡೆಗೆ. ಅಪ್ಪ ಶಿವಮೊಗ್ಗ–ಭದ್ರಾವತಿ ನಡುವೆ ಓಡಾಡುವ ಖಾಸಗಿ ಬಸ್ಸಿನ ಡ್ರೈವರ್. ದಿನವಿಡೀ ಇಂಜಿನ್ನಿನ ಸದ್ದು, ಹಾರ್ನು, ಕಂಡಕ್ಟರನ ಸೀಟಿ ಕೇಳಿ ಬಂದವನಿಗೆ ಮನೆಯಲ್ಲಿ ಮಾತು ಬೇಕಿರಲಿಲ್ಲವೋ ಏನೋ. ನಾನು ಅವನ ಕಡೆ ತಿರುಗಿ ಎರಡು ಪ್ರಶ್ನೆ ಎಸೆದರೆ ಸಾಕು, "ಆಯ್ತಮ್ಮ, ನೀನೇ ಸರಿ" ಎಂದು ಎದ್ದುಬಿಡುತ್ತಿದ್ದ. ನಾನು ಅದನ್ನು ಗೆಲುವು ಎಂದು ಲೆಕ್ಕ ಹಾಕುತ್ತಿದ್ದೆ. ಎದುರಾಳಿ ಮೈದಾನಕ್ಕೇ ಬಾರದ ಪಂದ್ಯದಲ್ಲಿ ಗೆದ್ದವರಿಗೆ ಹೆಮ್ಮೆ ಪಡುವ ಹಕ್ಕು ಎಷ್ಟಿರುತ್ತದೆ ಎಂಬ ಪ್ರಶ್ನೆಯನ್ನು ಇಂದಿನ ನಾನು ಅಂದಿನ ನನಗೆ ಕೇಳಬಲ್ಲೆ. ಒಂಬತ್ತನೆಯ ಕ್ಲಾಸಿನ ಆ ಹುಡುಗಿಗೆ ಅದು ಹೊಳೆದಿರಲಿಲ್ಲ. ಅವಳಿಗೆ ಹೊಳೆಯದ ವಿಷಯ ಇದೆ ಎಂದು ಯಾರಾದರೂ ಹೇಳಿದ್ದರೆ ಅದಕ್ಕೂ ಪುರಾವೆ ಕೇಳುತ್ತಿದ್ದಳು.

ನಾನು ಮಾತುಗಾತಿಯಾದದ್ದು ಹೇಗೆ ಎಂಬುದಕ್ಕೆ ನಾನು ಬಹಳ ದಿನ ಹೇಳಿಕೊಂಡು ಬಂದ ಉತ್ತರ ಒಂದು, ನಿಜವಾದ ಉತ್ತರ ಇನ್ನೊಂದು. ಹೇಳಿಕೊಂಡು ಬಂದದ್ದು, ಮನೆಯ ವಾತಾವರಣ ಹಾಗಿತ್ತು ಎಂದು. ನಿಜವಾದದ್ದು ಶಾಲೆಯ ಮೈದಾನದಲ್ಲಿ ನಡೆಯಿತು. ಐದನೆಯ ಕ್ಲಾಸಿನಲ್ಲಿ ಕವಾಯತಿಗೆ ನಿಲ್ಲಿಸಿದಾಗ ನನ್ನ ಎಡಗೈಯೂ ಎಡಗಾಲೂ ಒಟ್ಟಿಗೇ ಮುಂದೆ ಹೋಗುತ್ತಿದ್ದವು, ಬಲಗೈಯೂ ಬಲಗಾಲೂ ಒಟ್ಟಿಗೆ. ತಿದ್ದಿದಷ್ಟೂ ಹೆಚ್ಚಾಯಿತು. ಡ್ರಿಲ್ ಮೇಷ್ಟ್ರು ಒಂದು ವಾರ ಸಹಿಸಿ ಕೊನೆಗೆ ಸಾಲಿನಿಂದ ನನ್ನನ್ನು ಆಚೆಗೆ ಎಳೆದರು.

"ಏನಮ್ಮಾ, ಒಂಟೆ ನಡ್ದಂಗೆ ನಡೀತೀಯಲ್ಲ. ಇಡೀ ಸಾಲು ಹಾಳಾಗ್ತಿದೆ. ಹೋಗು, ಆ ಮೈಕ್ ಹಿಡ್ಕೊಂಡು ಯಾವ ತಂಡ ಬರ್ತಿದೆ ಅಂತ ಹೇಳು."

ಅಲ್ಲಿಂದ ನಾನು ಮೈಕನ್ನು ಬಿಡಲಿಲ್ಲ. ಅಂದರೆ ನನ್ನ ವಾಕ್ಚಾತುರ್ಯದ ಮೂಲದಲ್ಲಿ ಇದ್ದದ್ದು ಪ್ರತಿಭೆಯೂ ಅಲ್ಲ, ಮನೆತನವೂ ಅಲ್ಲ. ಕೈಗೂ ಕಾಲಿಗೂ ಮಾತುಕತೆ ಇಲ್ಲದ ಒಂದು ಮೈ. ಆ ಮೈಯ ನಾಚಿಕೆಯನ್ನು ಬಾಯಿಂದ ಮುಚ್ಚುವುದನ್ನು ನಾನು ಕಲಿತೆ, ಚೆನ್ನಾಗಿಯೇ ಕಲಿತೆ.

ಒಂಬತ್ತನೆಯ ಕ್ಲಾಸಿನ ಮಳೆಗಾಲದ ಆರಂಭದಲ್ಲಿ ಶಿವಮೊಗ್ಗದಲ್ಲಿ ಒಂದು ಚರ್ಚಾಸ್ಪರ್ಧೆ ಇತ್ತು. ಪರ ಮಾತಾಡಬೇಕೋ ವಿರೋಧವೋ ಎಂಬುದು ಚೀಟಿ ಎತ್ತಿದಾಗ ತಿಳಿಯುತ್ತಿತ್ತು. ಪ್ರತಿಭೆ ಹುಟ್ಟಿನಿಂದಲೇ ಬರುತ್ತದೆ ಎಂಬುದು ವಿಷಯ. ನನಗೆ ವಿರೋಧದ ಚೀಟಿ ಬಂತು. ಪರದ ಚೀಟಿ ಬಂದಿದ್ದರೂ ಅದೇ ಮುಖ ಇಟ್ಟುಕೊಂಡು, ಅಷ್ಟೇ ಎತ್ತರದ ದನಿಯಲ್ಲಿ ಗೆಲ್ಲುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಕೊನೆಯ ನಿಮಿಷದ ಗಂಟೆ ಹೊಡೆದಾಗ ಸಭೆಯ ಕಡೆ ಕೈ ಚಾಚಿ ಹೀಗೆ ಹೇಳಿದೆ: ಚಪ್ಪಾಳೆಯನ್ನು ತಾಳಕ್ಕೆ ಸರಿಯಾಗಿ ತಟ್ಟಲೂ ಬಾರದ ಒಬ್ಬ ಸಾಮಾನ್ಯ ಮನುಷ್ಯನನ್ನು ಕರೆತನ್ನಿ, ಅವನ ಕೈಗೆ ಎರಡು ಕಡ್ಡಿ ಕೊಡಿ, ಮಳೆಗಾಲ ಮುಗಿಯುವುದರೊಳಗೆ ಅವನು ಡ್ರಮ್ ಬಾರಿಸದೇ ಹೋದರೆ ನಾನು ಇನ್ನೆಂದೂ ಈ ಮೈಕನ್ನು ಮುಟ್ಟುವುದಿಲ್ಲ. ಸಭೆ ತಟ್ಟಿದ ಚಪ್ಪಾಳೆ ಜೋರಾಗಿತ್ತು. ಬಹುಮಾನದ ಕಪ್ಪು ನನ್ನ ಕೈಗೆ ಬಂತು. ಅಪ್ಪನ ಬಸ್ಸಿನಲ್ಲೇ, ಇಂಜಿನ್ ಪಕ್ಕದ ಸೀಟಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಊಟದ ಹೊತ್ತಿಗೆ ಅದೇ ಭಾಷಣವನ್ನು ಎದ್ದು ನಿಂತು ಮನೆಯವರಿಗೆ ಮತ್ತೊಮ್ಮೆ ಮಾಡಿದೆ. ಅಮ್ಮ ಸೌಟು ಹಿಡಿದುಕೊಂಡೇ ಕೇಳಿದಳು, ಅಪ್ಪ ನಕ್ಕ. ಅಜ್ಜಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು.

"ಆ ಮನುಷ್ಯ ಸಿಕ್ಕಿದ್ನಾ?"

"ಯಾರಜ್ಜಿ?"

"ಅದೇ, ಚಪ್ಪಾಳೆ ತಟ್ಟಕ್ಕೂ ಬರ್ದೇ ಇರೋನು. ಹುಡುಕ್ಕೊಂಡು ದೂರ ಹೋಗ್ಬೇಡ ಮಾರಾಯ್ತಿ. ಕನ್ನಡಿ ಬಚ್ಚಲಲ್ಲಿದೆ."

"ಅದು ಉದಾಹರಣೆ ಅಜ್ಜಿ. ವಾದಕ್ಕೆ ಹೇಳಿದ್ದು."

"ಹಂಗಾರೆ ಸುಳ್ಳು."

"ಸುಳ್ಳಲ್ಲ."

"ನಿಜಾನಾ?"

ಉತ್ತರಕ್ಕೆ ನಾನು ತಡವರಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕು ಎಂದು ಯಾರೂ ನನ್ನನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಆಯುಧಪೂಜೆ ದಿನ ನಿಮ್ಮಪ್ಪನ ಬಸ್‌ಸ್ಟ್ಯಾಂಡಲ್ಲಿ ಡ್ರೈವರುಗಳು ಆರ್ಕೆಸ್ಟ್ರಾ ಇಡಸ್ತಾರಲ್ಲ, ಅಲ್ಲಿ ಒಂದು ಹಾಡು ಬಾರ್ಸು. ಶುರುವಿಂದ ಕೊನೆಗಂಟ. ಬಾರಿಸಿದ್ರೆ ನೀನು ಹೇಳಿದ್ದು ನಿಜ. ಇಲ್ಲಾಂದ್ರೆ ಮೈಕ್ ಮುಟ್ಬೇಡ, ನೀನು ಬರೀ ಬಾಯಿ ಅಂತ ಒಪ್ಕೊ. ನಾನು ಹೇಳಿದ್ದಲ್ಲ ಇದು. ನೀನೇ ಸಭೇಲಿ ಹೇಳ್ಬಂದಿದ್ದು."

ಎಲೆ ಬಾಯಿಗೆ ಹೋಯಿತು.

ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದವರು ಬಾಬಾಜಾನ್ ಚಾಚಾ. ಭದ್ರಾವತಿಯ ಹಳೆಯ ಪೇಟೆಯ ಕಡೆ ಅವರದು ವೆಲ್ಡಿಂಗ್ ಶೆಡ್ಡು, ಬಸ್ಸುಗಳ ಬಾಡಿ ಕೆಲಸ. ಅಪ್ಪನ ಬಸ್ಸಿನ ಬಾಗಿಲು ವರ್ಷಕ್ಕೊಮ್ಮೆ ಅವರ ಕೈಗೆ ಬರುತ್ತಿತ್ತು. ಶೆಡ್ಡಿನ ಹಿಂಭಾಗದಲ್ಲಿ, ಟಾರ್ಪಾಲು ಮುಚ್ಚಿದ ಡ್ರಮ್ ಸೆಟ್ಟು ಇತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ವಿಷಯ ಹೇಳಿದಾಗ ಅವರು ನನ್ನ ಕೈಗಳನ್ನು ನೋಡಲಿಲ್ಲ, ಕಾಲು ನೋಡಿದರು. ಚಪ್ಪಲಿ ಬಿಡಿಸಿ ಸ್ಟೂಲಿನ ಮೇಲೆ ಕೂರಿಸಿದರು. ಬಲಗೈ ಕಂಚಿನ ಜೋಡಿ ತಟ್ಟೆಗಳ ಮೇಲೆ, ಎಂಟು ಸಲ ಒಂದೇ ಸಮ ಬಡಿಯುತ್ತಿರಬೇಕು. ಎಡಗೈ ಮೊಣಕಾಲ ನಡುವಿನ ಚಿಕ್ಕ ಡ್ರಮ್ಮಿನ ಮೇಲೆ, ಮೂರನೆಯ ಮತ್ತು ಏಳನೆಯ ಬಡಿತಕ್ಕೆ ಮಾತ್ರ. ಬಲಗಾಲು ಪೆಡಲ್ ಒತ್ತಿದರೆ ನೆಲದ ಮೇಲಿನ ದೊಡ್ಡ ಡ್ರಮ್ಮು ಗುಡುಗುತ್ತದೆ, ಅದು ಒಂದನೆಯದಕ್ಕೆ ಮತ್ತು ಐದನೆಯದಕ್ಕೆ. ಎಡಗಾಲಿನ ಕೆಲಸ ಜೋಡಿ ತಟ್ಟೆಗಳನ್ನು ಅದುಮಿ ಹಿಡಿದಿರುವುದು.

"ಎಡಗಾಲು ಹಿಂಗೇ ಯಾಕೆ ಒತ್ತಿರಬೇಕು ಚಾಚಾ? ಬಿಟ್ಟರೆ ಏನಾಗುತ್ತೆ? ಬಲಗಾಲೇ ಯಾಕೆ ದೊಡ್ಡದಕ್ಕೆ?"

"ಅರೆ, ಮೊದ್ಲು ಹೊಡಿ ಬೇಟಿ. ಪ್ರಶ್ನೆ ಆಮೇಲೆ."

"ಅರ್ಥ ಆಗದೆ ಹೊಡಿಯೋದು ಹೇಗೆ?"

ಚಾಚಾ ಅಪ್ಪನ ಕಡೆ ತಿರುಗಿದರು. "ಮಗಳನ್ನ ಕರ್ಕೊಂಡ್ ಬರ್ತೀನಿ ಅಂದ್ರಿ, ವಕೀಲರನ್ನ ಕರ್ಕೊಂಡ್ ಬಂದಿದೀರಿ."

ಅಂದಿನಿಂದ ಶೆಡ್ಡಿನಲ್ಲಿ ನನ್ನ ಹೆಸರು ವಕೀಲರು. ವಕೀಲರು ಹೊಡೆದರು. ಬಲಗೈ ಎಂಟಕ್ಕೂ ಬಡಿಯಿತು, ಬಲಗಾಲೂ ಎಂಟಕ್ಕೂ ಬಡಿಯಿತು. ಕಾಲನ್ನು ಹಿಡಿದು ನಿಲ್ಲಿಸಿದೆ, ಕೈ ನಿಂತಿತು. ಎಡಗೈಯನ್ನು ಎತ್ತಿದೆ, ಎಡಗಾಲು ಎದ್ದುಬಿಟ್ಟಿತು, ಕಂಚಿನ ತಟ್ಟೆಗಳು ಬಾಯಿಬಿಟ್ಟು ಪಾತ್ರೆ ಅಂಗಡಿ ಉರುಳಿದಂತೆ ಸದ್ದಾಯಿತು. ಐದನೆಯ ಕ್ಲಾಸಿನ ಒಂಟೆ ಅಲ್ಲೇ ಇತ್ತು, ಒಂದು ಹೆಜ್ಜೆಯೂ ಬದಲಾಗಿರಲಿಲ್ಲ. ವೆಲ್ಡಿಂಗ್ ಮಾಡುತ್ತಿದ್ದವರು ಕನ್ನಡಕ ಸರಿಸಿ ನೋಡಿದರು. ಅಪ್ಪ ಮಾತ್ರ ಶೆಡ್ಡಿನ ಹೊರಗೆ ನಿಂತು ಯಾವುದೋ ಟೈರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

ಚಾಚಾ ವಾರಕ್ಕೆ ಎರಡು ಸಂಜೆ ಬರಲು ಹೇಳಿ, ಮನೆಯಲ್ಲಿ ಅಭ್ಯಾಸಕ್ಕೆ ಒಂದು ಪೆಡಲ್ ಮಾಡಿಕೊಟ್ಟರು. ಗುಜರಿಗೆ ಹೋಗಬೇಕಿದ್ದ ಒಂದು ಬಸ್ಸಿನ ಬ್ರೇಕ್ ಪೆಡಲನ್ನು ಕತ್ತರಿಸಿ, ಕಬ್ಬಿಣದ ತಟ್ಟೆಗೆ ಬೆಸುಗೆ ಹಾಕಿ, ಸ್ಪ್ರಿಂಗು ಕೂರಿಸಿ, ತುದಿಗೆ ಟ್ಯೂಬಿನ ರಬ್ಬರು ಸುತ್ತಿದ್ದರು. ಅದು ಮನೆಗೆ ಬಂದ ದಿನವೇ ನಾನು ಒಂದು ಯೋಜನೆ ಸಿದ್ಧಪಡಿಸಿದೆ. ಚರ್ಚಾಸ್ಪರ್ಧೆಗೆ ತಂಡವನ್ನು ತಯಾರು ಮಾಡುವುದು ನನಗೆ ಗೊತ್ತಿತ್ತು. ಪ್ರತಿಯೊಬ್ಬ ಭಾಷಣಕಾರನಿಗೂ ಅವನ ಭಾಗವನ್ನು ಬೇರೆ ಬೇರೆ ಕಲಿಸಬೇಕು, ಒಬ್ಬೊಬ್ಬರೂ ಪಕ್ಕಾ ಆದ ಮೇಲೆ ಒಂದೇ ವೇದಿಕೆಗೆ ಹತ್ತಿಸಬೇಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಬಲಗೈ, ಎಡಗೈ, ಬಲಗಾಲು, ಎಡಗಾಲು. ಒಬ್ಬೊಬ್ಬ ಭಾಷಣಕಾರನಿಗೆ ಒಂದೊಂದು ವಾರ. ತರ್ಕದಲ್ಲಿ ಒಂದು ಬಿರುಕೂ ಕಾಣಲಿಲ್ಲ ನನಗೆ. ಚಾಚಾ ಬೇಡವೆಂದರು, ನಾನು ಅವರಿಗೆ ಅದರ ಸಮರ್ಥನೆಯನ್ನು ಎಷ್ಟು ಚೆನ್ನಾಗಿ ವಿವರಿಸಿದೆನೆಂದರೆ ಅವರು ತಲೆ ಕೆರೆದುಕೊಂಡು "ನಕ್ಕೊ ಅಂದ್ರೂ ಕೇಳಲ್ಲ, ಮಾಡಿ ನೋಡು" ಎಂದುಬಿಟ್ಟರು.

ಆ ಒಂದು ತಿಂಗಳು ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಅಕ್ಕಿ ಡಬ್ಬ ಚಿಕ್ಕ ಡ್ರಮ್ಮಾಯಿತು, ಅಜ್ಜಿಯ ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕಂಚಿನ ತಟ್ಟೆಯಾಯಿತು, ಸುತ್ತಿಟ್ಟ ಹಾಸಿಗೆಗೆ ಬಸ್ಸಿನ ಬ್ರೇಕು ಹೊಡೆಯತೊಡಗಿತು. ಅಮ್ಮ ಅಕ್ಕಿ ಅಳೆಯಲು ಬಂದರೆ ನಾನು ಬಾರಿಸುವುದನ್ನು ನಿಲ್ಲಿಸಬೇಕಿತ್ತು, ನಾನು ಬಾರಿಸಲು ಕೂತರೆ ಅವಳು ಅಡುಗೆ ನಿಲ್ಲಿಸಬೇಕಿತ್ತು.

"ಡಬ್ಬ ಬಡಿದು ಬಡಿದು ಅಕ್ಕಿಯೆಲ್ಲ ನುಚ್ಚಾಯ್ತು. ನಾಳೆಯಿಂದ ಎಲ್ರಿಗೂ ಗಂಜಿ."

"ಡಬ್ಬ ಬಡಿದ್ರೆ ಒಳಗಿರೋ ಅಕ್ಕಿ ಮುರಿಯಲ್ಲ ಅಮ್ಮಾ. ಪುರಾವೆ ತೋರ್ಸು."

"ಅಲ್ಲಾ, ಪುರಾವೆ ಕೇಳೋ ಬಾಯಿಗೆ ಗಂಜಿ ಹುಯ್ಯೋದೇ ಪುರಾವೆ."

ನಾಲ್ಕು ವಾರವಾಯಿತು. ಬಲಗೈ ಪಕ್ಕಾ. ಎಡಗೈ ಪಕ್ಕಾ. ಬಲಗಾಲು ಎಷ್ಟು ಪಕ್ಕಾ ಎಂದರೆ ಶಾಲೆಯ ಬೆಂಚಿನ ಕೆಳಗೂ ತಾನಾಗಿಯೇ ನಡೆಯುತ್ತಿತ್ತು. ಎಡಗಾಲು ಒತ್ತಿದ್ದು ಒತ್ತಿದಂತೆಯೇ. ಐದನೆಯ ವಾರ ನಾಲ್ವರನ್ನೂ ಒಂದೇ ವೇದಿಕೆ ಹತ್ತಿಸಿದೆ. ಮೊದಲ ದಿನ ಏನಾಗಿತ್ತೋ ಅದೇ ಆಯಿತು, ಅದಕ್ಕಿಂತ ಕೆಟ್ಟದಾಗಿ. ಈಗ ಒಬ್ಬೊಬ್ಬ ಭಾಷಣಕಾರನಿಗೂ ತನ್ನ ಭಾಗ ಬಾಯಿಪಾಠವಾಗಿತ್ತು, ಯಾರೂ ಇನ್ನೊಬ್ಬನಿಗೆ ದಾರಿ ಬಿಡುತ್ತಿರಲಿಲ್ಲ. ಅಜ್ಜಿ ಮಣೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಅವಳು ಏನಾದರೂ ಹೇಳಿದ್ದರೆ ನನ್ನ ಹತ್ತಿರ ಉತ್ತರವಾದರೂ ಇರುತ್ತಿತ್ತು. ಆ ದಿನ ಕಪ್ಪನ್ನು ಕಪಾಟಿನ ಹಿಂದಕ್ಕೆ ಸರಿಸಿಟ್ಟೆ. ಮೊದಲ ಬಾರಿಗೆ ನನಗೆ ನಿಜವಾಗಿ ಭಯವಾಯಿತು. ಪ್ರತಿಭೆ ಹುಟ್ಟಿನಿಂದಲೇ ಬರುತ್ತದೆ ಎಂದು ವಾದಿಸಿದ ಆ ಎದುರು ತಂಡದ ಹುಡುಗನೇ ಸರಿಯಿದ್ದು, ನಾನು ದನಿಯ ಜೋರಿನಿಂದ ಗೆದ್ದಿದ್ದರೆ? ಹಾಗಿದ್ದರೆ ನಾನು ಗೆದ್ದ ಮಿಕ್ಕೆಲ್ಲ ವಾದಗಳ ಗತಿ ಏನು?

ಕೈಕಾಲುಗಳನ್ನು ಬೇರೆ ಬೇರೆ ಆಡಿಸುತ್ತಲೇ ಹೊಟ್ಟೆ ಹೊರೆಯುವ ಒಬ್ಬ ಮನುಷ್ಯ ಮನೆಯಲ್ಲೇ ಇದ್ದಾನೆಂದು ಹೊಳೆದದ್ದು ಮರುದಿನ, ಬಸ್ಸಿನಲ್ಲಿ. ಶಿವಮೊಗ್ಗದಲ್ಲಿ ನನಗೆ ಪುಸ್ತಕ ಕೊಳ್ಳುವುದಿತ್ತು. ಇಂಜಿನ್ ಪಕ್ಕದ ನನ್ನ ಎಂದಿನ ಸೀಟಿನಲ್ಲಿ ಕೂತು ಅಪ್ಪನನ್ನು ನೋಡಿದೆ. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿಗೂ ಎಕ್ಸಿಲರೇಟರಿಗೂ ನಡುವೆ, ಎಡಗೈ ಗೇರಿನ ಮೇಲೆ, ಬಲಗೈಯಲ್ಲಿ ಸ್ಟೇರಿಂಗು ಮತ್ತು ಹಾರ್ನು, ಜೊತೆಗೆ ಕಂಡಕ್ಟರನ ಸೀಟಿಗೆ ಕಿವಿ, ಅಡ್ಡ ಬಂದ ಎಮ್ಮೆಯವನಿಗೆ ಬೈಗಳು. ಇಡೀ ಆರ್ಕೆಸ್ಟ್ರಾ ನನ್ನ ಕಣ್ಣೆದುರೇ ಇತ್ತು. ಮಲವಗೊಪ್ಪ ದಾಟುತ್ತಿದ್ದಂತೆ ಪಾಟೀಸವಾಲು ಶುರುಮಾಡಿದೆ.

"ಅಪ್ಪಾ, ಗೇರ್ ಹಾಕುವಾಗ ಮೊದ್ಲು ಏಳೋದು ಕಾಲಾ ಕೈಯಾ?"

"ಎರಡೂ."

"ಎರಡೂ ಅಂದ್ರೆ ಉತ್ತರ ಅಲ್ಲ. ಯಾವುದೋ ಒಂದು ಮೊದ್ಲು ಶುರುವಾಗ್ಬೇಕಲ್ಲ? ಕ್ಲಚ್ ಪೂರ್ತಿ ಒಳಗೆ ಹೋದ್ಮೇಲೆ ಕೈ ಎಳಿಯುತ್ತಾ, ಅರ್ಧ ಹೋದಾಗಾ? ಬಿಡುವಾಗ ಬಲಗಾಲಿಗೆ ಯಾರು ಹೇಳ್ತಾರೆ?"

ಅಪ್ಪ ಯೋಚಿಸಿದ. ಅವನು ಯೋಚಿಸುವುದನ್ನು ನಾನು ಕಂಡೆ, ಹುಬ್ಬು ಗಂಟಾಯಿತು. ಆ ಹೊತ್ತಿಗೆ ಬಸ್ಸು ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಎದುರಿನ ಸರ್ಕಲ್ಲಿಗೆ ಬಂದಿತ್ತು. ಪೊಲೀಸಿನವನು ಕೈ ಬೀಸಿದ, ಅಪ್ಪ ತನ್ನ ಎಡಗಾಲನ್ನೇ ನೋಡಿದ. ಬಸ್ಸು ಒಮ್ಮೆ ಜಿಗಿದು, ಕೆಮ್ಮಿ, ನಡುಸರ್ಕಲ್ಲಿನಲ್ಲಿ ನಿಂತುಹೋಯಿತು. ಹಿಂದಿನಿಂದ ಆಟೋಗಳು, ಸಿಟಿ ಬಸ್ಸುಗಳು ಒಟ್ಟಿಗೆ ಹಾರ್ನು ಹೊಡೆದವು. ಪಕ್ಕದ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಏನ್ ಮಾರಾಯ, ಎಲ್ ಬೋರ್ಡ್ ಕಟ್ಲಾ?"

ನನಗೆ ಗೊತ್ತಿದ್ದಂತೆ ಅಪ್ಪನ ಬಸ್ಸು ಹಾಗೆ ನಿಂತದ್ದು ಅದೇ ಮೊದಲು. ಅವನು ನನಗೆ ಬೈಯಲಿಲ್ಲ. ಕಿವಿಗಳು ಕೆಂಪಾಗಿದ್ದವು. ಅಂದು ಊಟದ ನಂತರ ಯಾವ ವಾದವೂ ನಡೆಯದಿದ್ದರೂ ತಾನೇ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ.

ಆಮೇಲಿನ ಹತ್ತು ಹನ್ನೆರಡು ದಿನ ಅಪ್ಪ ವಿಚಿತ್ರವಾಗಿದ್ದ. ಊಟಕ್ಕೆ ಕೂತಾಗ ಅವನ ಎಡಗಾಲು ಚಾಪೆಯನ್ನು ಮೆಲ್ಲಗೆ ಒತ್ತುತ್ತಿತ್ತು, ಎಡಗೈ ನೀರಿನ ಲೋಟವನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. "ಬಸ್ಸು ಮನೆ ಒಳಗೇ ತಂದಿದೀರಾ?" ಎಂದು ಅಮ್ಮ ಕೇಳಿದರೆ ಲೋಟವನ್ನು ಮುಂದಕ್ಕೆ ತಳ್ಳುತ್ತಿದ್ದ. ನಾನು ಅತ್ತ ಅಕ್ಕಿ ಡಬ್ಬದ ಮುಂದೆ ಕೂತು ಸೋಲುತ್ತಲೇ ಇದ್ದೆ. ಮಳೆ ಹಿಂದೆ ಸರಿಯತೊಡಗಿತ್ತು, ಆಯುಧಪೂಜೆಗೆ ಉಳಿದದ್ದು ಐದು ವಾರ. ಒಂದು ಸಂಜೆ, ಅಕ್ಕಿ ರೊಟ್ಟಿ ಮತ್ತು ಬದನೆಕಾಯಿ ಎಣ್ಣೆಗಾಯಿ ಬಡಿಸಿದ್ದಾಗ, ಅಪ್ಪ ಮೊದಲ ತುತ್ತಿಗೂ ಮುಂಚೆ ಗಂಟಲು ಸರಿಮಾಡಿಕೊಂಡ.

"ನೀನು ಅವತ್ತು ಕೇಳಿದ್ಯಲ್ಲ, ಕಾಲು ಮೊದ್ಲಾ ಕೈ ಮೊದ್ಲಾ ಅಂತ. ಆ ಪ್ರಶ್ನೆನೇ ತಪ್ಪು."

ಅಜ್ಜಿ ಎಲೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಪ್ರಶ್ನೆ ಹೇಗೆ ತಪ್ಪಾಗುತ್ತೆ ಅಪ್ಪಾ?"

"ಕಾಲಿಗೊಂದು ಕೆಲ್ಸ, ಕೈಗೊಂದು ಕೆಲ್ಸ ಅಂದ್ಕೊಂಡು ಕೇಳ್ದೆ ನೀನು. ನಾನೂ ಹಂಗೇ ಅಂದ್ಕೊಂಡು ಯೋಚ್ನೆ ಮಾಡಕ್ಕೆ ಹೋದೆ, ಬಂಡಿ ನಿಂತೋಯ್ತು. ಇಷ್ಟು ದಿನ ನೋಡ್ತಾ ಇದೀನಿ. ಗೇರ್ ಬದಲ್ಸೋದು ಅನ್ನೋದು ಒಂದೇ ಕೆಲ್ಸ. ಅದರಲ್ಲಿ ಕಾಲಿಗೊಂದು ಪಾಲು, ಕೈಗೊಂದು ಪಾಲು." ತನ್ನ ತಟ್ಟೆಯ ರೊಟ್ಟಿಯನ್ನು ಎತ್ತಿ ನಾಲ್ಕು ತುಂಡು ಮಾಡಿದ. "ಹಿಂಗೆ. ಒಂದು ರೊಟ್ಟಿ, ನಾಲ್ಕು ಪಾಲು. ನೀನು ಒಂದು ತಿಂಗಳಿಂದ ನಾಲ್ಕು ರೊಟ್ಟಿ ಸುಡ್ತಾ ಕೂತಿದೀಯ."

"ಆದ್ರೆ ಪಾಲು ಕೂಡ್ಸೋಕೆ ಮೊದ್ಲು ಒಂದೊಂದು ಪಾಲೂ ಸರಿಯಾಗಿ ಬರ್ಬೇಕಲ್ಲ? ಇಲ್ಲಾಂದ್ರೆ ತಪ್ಪುಗಳನ್ನೇ ಕೂಡ್ಸಿದಂಗೆ."

"ನಾನು ಬಂಡಿ ಕಲಿಯುವಾಗ ಒಂದು ವಾರ ಬರೀ ಕ್ಲಚ್ಚು, ಒಂದು ವಾರ ಬರೀ ಸ್ಟೇರಿಂಗು ಅಂತ ಕಲ್ತಿದ್ರೆ ಮೂರನೇ ವಾರ ಕೆರೇಲಿ ಇರ್ತಿದ್ದೆ. ಎಲ್ಲಾನೂ ಮೊದಲ್ನೇ ದಿನಾನೇ ಒಟ್ಟಿಗೆ ಕಲ್ತೆ."

"ಒಟ್ಟಿಗೆ ಮಾಡಕ್ಕೆ ಬರದೇ ಇರೋದೇ ನನ್ನ ಸಮಸ್ಯೆ. ನೀನು ಸಮಸ್ಯೆನೇ ಪರಿಹಾರ ಅಂತಿದೀಯ."

"ಫಸ್ಟ್ ಗೇರಲ್ಲಿ ಕಲ್ತೆ," ಎಂದ ಅಪ್ಪ. "ಖಾಲಿ ಗ್ರೌಂಡಲ್ಲಿ, ಮನುಷ್ಯ ನಡ್ಕೊಂಡು ಹೋದ್ರೆ ಬಂಡಿನ ಹಿಂದೆ ಹಾಕೋ ಅಷ್ಟು ಸ್ಲೋ. ನಮ್ಮ ಗುರುಗಳು ಪಕ್ಕದಲ್ಲಿ ಕೂತು ಟಾಪ್ ಗೇರ್ ಕಡೆ ಕೈ ಹೋದ್ರೆ ಗೆಣ್ಣಿಗೆ ಹೊಡಿಯೋರು. ನೀನು ಒಂದೊಂದೇ ಕೈಕಾಲನ್ನ ಟಾಪ್ ಗೇರಲ್ಲಿ ಓಡಿಸ್ತಿದೀಯ, ಆಮೇಲೆ ನಾಲ್ಕನ್ನೂ ತಂದು ಗುದ್ದಿಸ್ತಿದೀಯ."

ನಾನು ಬಾಯಿ ತೆರೆದೆ. ನನ್ನ ಬಳಿ ಮೂರು ಆಕ್ಷೇಪಣೆಗಳು ಸಿದ್ಧವಿದ್ದವು. ಮೂರೂ ಹೊರಬರುವ ಮುಂಚೆಯೇ ನನಗೇ ಟೊಳ್ಳಾಗಿ ಕೇಳಿಸಿದವು. ಇದುವರೆಗೆ "ಆಯ್ತಮ್ಮ" ಎಂದಷ್ಟೇ ಹೇಳುತ್ತಿದ್ದ ಮನುಷ್ಯ ಹನ್ನೆರಡು ದಿನ ಸಿದ್ಧತೆ ಮಾಡಿಕೊಂಡು ಬಂದಿದ್ದ, ನಾನು ಯಾವ ಸ್ಪರ್ಧೆಗೂ ಮಾಡಿರದಷ್ಟು. ಅಮ್ಮ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸುಣ್ಣ ಸವರಿದ ಎಲೆಯನ್ನು ಮಡಿಸಿ, ಬಾಯಿಯ ಹತ್ತಿರ ತಂದು, ಮತ್ತೆ ಬುಟ್ಟಿಗೆ ಹಾಕಿದಳು.

"ಇದರ ತೀರ್ಪು ಆಯುಧಪೂಜೆ ದಿನ. ಅಲ್ಲೀಗಂಟ ತಟ್ಟೆ ನಾನೇ ತೊಳಿತೀನಿ."

ಮರುದಿನ ನೋಟ್‌ಬುಕ್ಕಿನ ನಾಲ್ಕು ಕಾಲಂಗಳ ಮೇಲೆ ಅಡ್ಡಗೆರೆ ಎಳೆದು ಒಂದೇ ಸಾಲು ಬರೆದೆ. ಎಂಟು ಬಡಿತಗಳಲ್ಲಿ ಯಾರ ಜೊತೆ ಯಾರು ಬೀಳುತ್ತಾರೆ ಎಂದಷ್ಟೇ ನೋಡಿದರೆ, ಅಲ್ಲಿದ್ದದ್ದು ನಾಲ್ಕೇ ಪದದ ಒಂದು ವಾಕ್ಯ: ಕಾಲ್ಜೊತೆ, ಒಂಟಿ, ಕೈಜೊತೆ, ಒಂಟಿ. ಬಲಗೈ ಎಲ್ಲದರಲ್ಲೂ ಇರುತ್ತದೆ. ಮೊದಲ ಸಲ ಅದರ ಜೊತೆ ಕಾಲು ಬೀಳುತ್ತದೆ, ಮೂರನೆಯ ಸಲ ಎಡಗೈ, ಮಿಕ್ಕಂತೆ ಅದು ಒಂಟಿ. ಮತ್ತೆ ಅದೇ. ಇದಿಷ್ಟನ್ನು ಬಾಯಲ್ಲಿ ಹೇಳಿಕೊಂಡೆ, ಹೇಳಿದ್ದನ್ನು ಮೈ ಮಾಡುವವರೆಗೆ ಮುಂದಿನ ಪದ ಹೇಳಲಿಲ್ಲ. ಎಷ್ಟು ನಿಧಾನವೆಂದರೆ ಕಾಲ್ಜೊತೆಗೂ ಒಂಟಿಗೂ ನಡುವೆ ಅಮ್ಮ ಒಂದು ಈರುಳ್ಳಿ ಹೆಚ್ಚಿ ಮುಗಿಸುತ್ತಿದ್ದಳು. ಅಪ್ಪ ಕೆಲಸದಿಂದ ಬಂದು, ಖಾಕಿ ಅಂಗಿಯನ್ನೂ ಬಿಚ್ಚದೆ ಎದುರು ಕೂರುತ್ತಿದ್ದ. ನಾನು ಸ್ವಲ್ಪ ವೇಗ ಹೆಚ್ಚಿಸಿದರೆ ಅಕ್ಕಿ ಡಬ್ಬದ ಮೇಲೆ ಕೈ ಇಟ್ಟು "ಗೇರ್" ಎನ್ನುತ್ತಿದ್ದ, ಅಷ್ಟೇ. ಚಾಚಾ ಇದನ್ನು ಕೇಳಿ ಶೆಡ್ಡಿನಲ್ಲಿ ಬಹಳ ಹೊತ್ತು ನಕ್ಕರು.

"ವಕೀಲ್ರೇ, ಇದನ್ನೇ ನಾನು ಮೊದಲ್ನೇ ದಿನ ಹೇಳಕ್ಕೆ ಹೊಂಟಿದ್ದೆ. ನೀವು ಹೇಳಕ್ಕೆ ಬಿಟ್ರಾ?"

ಕಲಿತದ್ದು ಯಾವ ದಿನ ಎಂದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಅದಕ್ಕೆ ಸಾಕ್ಷಿ ಇದೆ. ನಾನು ಬಾರಿಸುತ್ತಿದ್ದೆ. ಅಮ್ಮ ಅಡುಗೆಮನೆಯಿಂದ, ಬಚ್ಚಲಿನ ಒಲೆಗೆ ಸೌದೆ ಯಾಕೆ ಇಟ್ಟಿಲ್ಲ ಎಂದು ಕೇಳಿದಳು. ಇಟ್ಟಿದ್ದೇನೆ ಎಂದೆ. ಅದು ನಿನ್ನೆಯದು ಎಂದಳು. ನಿನ್ನೆಯದು ಇನ್ನೂ ಉಳಿದಿದೆ ಎಂದಮೇಲೆ ಇವತ್ತಿನ ಅಗತ್ಯ ಏನು ಎಂದು ನಾನು ಕೇಳಿದೆ, ಅವಳು ಉತ್ತರ ಕೊಟ್ಟಳು, ನಾನು ಅದನ್ನು ಖಂಡಿಸಿದೆ. ಹೀಗೆ ನಾಲ್ಕೈದು ಸುತ್ತು ಆದ ಮೇಲೆ ಮಣೆಯ ಮೇಲಿದ್ದ ಅಜ್ಜಿ ಮೆಲ್ಲಗೆ ಹೇಳಿದಳು:

"ಮಾರಾಯ್ತಿ, ನಿನ್ ಕೈಕಾಲು ನೋಡ್ಕೊ."

ನೋಡಿಕೊಂಡೆ. ಅವು ನಡೆಯುತ್ತಿದ್ದವು. ನಾನು ಜಗಳವಾಡುತ್ತಿದ್ದ ಅಷ್ಟೂ ಹೊತ್ತು ಬಸ್ಸಿನ ಬ್ರೇಕು ಹಾಸಿಗೆಯನ್ನು ಹೊಡೆಯುತ್ತಲೇ ಇತ್ತು, ಡಬ್ಬ ಅದರ ಪಾಲಿನ ಏಟು ತಿನ್ನುತ್ತಲೇ ಇತ್ತು. ನೋಡಿದ ಕೂಡಲೇ ಎಲ್ಲವೂ ತಪ್ಪಿತು. ಅದು ಮುಖ್ಯವಲ್ಲ.

ಆಯುಧಪೂಜೆಯ ದಿನ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಗಾಜಿಗೆ ಚೆಂಡುಹೂವಿನ ಹಾರ ಹಾಕಿ ಸಾಲಾಗಿ ನಿಲ್ಲಿಸಿದ್ದರು. ಕುಂಬಳಕಾಯಿ ಒಡೆದ ಕುಂಕುಮದ ಕಲೆ ನೆಲದ ತುಂಬ. ಎರಡು ಬಸ್ಸುಗಳ ನಡುವೆ ಹಲಗೆ ಹಾಕಿ ಮಾಡಿದ ವೇದಿಕೆಯ ಮೇಲೆ ಚಾಚಾ ಅವರ ಆರ್ಕೆಸ್ಟ್ರಾ. ಅಜ್ಜಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು. ಎಲೆಯ ಬುಟ್ಟಿ ತೊಡೆಯ ಮೇಲಿತ್ತು. ಅಪ್ಪ ತನ್ನ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ನಾಲ್ಕನೆಯ ಹಾಡಿಗೆ ಚಾಚಾ ಎದ್ದು ಸ್ಟೂಲನ್ನು ನನಗೆ ಬಿಟ್ಟರು. ಮೈಕಿನಲ್ಲಿ ಯಾರೋ ನನ್ನ ಹೆಸರು ಹೇಳಿ, ಇವರಪ್ಪ ನಮ್ಮ ಡ್ರೈವರ್ ಎಂದರು. ಸರ್ಕಲ್ಲಿನಲ್ಲಿ ಎಲ್ ಬೋರ್ಡ್ ಕಟ್ಟಲಾ ಎಂದು ಕೇಳಿದ್ದ ಡ್ರೈವರ್ ಎರಡನೆಯ ಸಾಲಿನಲ್ಲಿದ್ದ. ದಿನವಿಡೀ ಕೈಕಾಲಿನಿಂದಲೇ ಬದುಕುವ ಐವತ್ತು ಅರವತ್ತು ಜನ. ತಪ್ಪಿದರೆ ಅಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ಮಾತಿನಿಂದ ಮುಚ್ಚಲು ನನ್ನ ಮುಂದೆ ಮೈಕು ಇರಲಿಲ್ಲ.

ಮೊದಲ ಚರಣ ಚೆನ್ನಾಗಿ ಹೋಯಿತು. ಎಷ್ಟು ಚೆನ್ನಾಗಿ ಹೋಗುತ್ತಿದೆಯೆಂದು ನಾನು ಯೋಚಿಸಿದೆ, ಯೋಚಿಸಿದ್ದೇ ತಡ, ಬಲಗಾಲು ಬಲಗೈಯ ಹಿಂದೆ ಓಡಿತು. ಒಂಟೆ ಬಂತು. ಹಾಡುವವರು ತಿರುಗಿ ನೋಡಿದರು. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಸರ್ಕಲ್ಲು. ಬಸ್ಸು ನಿಂತ ಮೇಲೆ ಅಪ್ಪ ಏನು ಮಾಡಿದ್ದ? ಯಾಕೆ ನಿಂತಿತೆಂದು ಅಲ್ಲೇ ವಿಚಾರಣೆ ನಡೆಸಿರಲಿಲ್ಲ. ಕ್ಲಚ್ಚು ಒತ್ತಿ, ಮತ್ತೆ ಫಸ್ಟ್ ಗೇರಿನಿಂದ ಎತ್ತಿದ್ದ. ನಾನು ಕೈಕಾಲು ನಾಲ್ಕನ್ನೂ ನಿಲ್ಲಿಸಿದೆ. ಹಾಡು ಒಂಟಿಯಾಗಿ ಸಾಗಿತು. ಬಾಯಲ್ಲಿ ಎಣಿಸಿದೆ, ಒಂದು ಸುತ್ತು ಹೋಗಲು ಬಿಟ್ಟೆ, ಮುಂದಿನ ಸುತ್ತಿನ ಬಾಗಿಲಲ್ಲಿ ಕಾಲ್ಜೊತೆಗೆ ಸರಿಯಾಗಿ ದೊಡ್ಡ ಡ್ರಮ್ಮನ್ನು ಒತ್ತಿದೆ. ಅದು ಎದೆಯೊಳಗಿಂದಲೇ ಬಂದಂತೆ ಗುಡುಗಿತು. ಬೇಕೆಂದೇ ನಿಲ್ಲಿಸಿದ್ದು ಎಂದುಕೊಂಡ ಸಭೆ ಸಿಳ್ಳೆ ಹೊಡೆಯಿತು. ಡ್ರೈವರುಗಳು ಎದ್ದು ಕುಣಿಯತೊಡಗಿದರು, ಒಬ್ಬ ಬಸ್ಸಿನೊಳಕ್ಕೆ ಹತ್ತಿ ತಾಳಕ್ಕೆ ಸರಿಯಾಗಿ ಹಾರ್ನು ಹೊಡೆದ, ಅವನನ್ನು ನೋಡಿ ಮೂರು ಬಸ್ಸುಗಳು ಹೊಡೆದವು. ನನ್ನ ಕಾಲಿಗೆ ಅರವತ್ತು ಜನ ಹೆಜ್ಜೆ ಹಾಕುತ್ತಿದ್ದರು, ಸಾಲಿನಿಂದ ಹೊರಗೆ ಎಳೆದುಹಾಕಿದ ನನ್ನ ಆ ಕಾಲಿಗೆ. ಹಾಡು ಕೊನೆಯವರೆಗೂ ಹೋಯಿತು. ಕಡೆಯ ಏಟಿಗೆ ಎಡಗಾಲನ್ನು ಎತ್ತಿ ಕಂಚಿನ ತಟ್ಟೆಗಳನ್ನು ಬಾಯಿಬಿಡಿಸಿದೆ, ಈ ಸಲ ನಾನೇ ಬೇಕೆಂದು. ಬಿಟ್ಟರೆ ಏನಾಗುತ್ತದೆ ಎಂದು ಮೊದಲ ದಿನ ಕೇಳಿದ್ದೆನಲ್ಲ, ಹೀಗಾಗುತ್ತದೆ.

ಮನೆಗೆ ಬಂದು ಊಟಕ್ಕೆ ಕೂತಾಗ ತೀರ್ಪು ಇನ್ನೂ ಬಾಕಿ ಇತ್ತು. ಹಬ್ಬದ ಹೋಳಿಗೆ ಮುಗಿಯಿತು. ಅಜ್ಜಿ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ಅಗಿದಳು, ಬೇಕೆಂದೇ ತಡ ಮಾಡಿದಳು.

"ಸಭೇಲಿ ಇವಳು ಹೇಳಿದ್ದು ನಿಜ. ಮೈಕು ಇವಳದ್ದೇ, ನಾನು ಸೋತೆ. ಆದ್ರೆ ಈ ಮನೇಲಿ ನಡೆದ ವಾದದಲ್ಲಿ ಇವಳಪ್ಪ ಹೇಳಿದ್ದು ನಿಜ. ಅಲ್ಲಿ ಇವಳು ಸೋತ್ಲು."

ಬೆರಳು ನನ್ನ ಕಡೆ ತಿರುಗಿತು.

ಅಪ್ಪ ಅಭ್ಯಾಸಬಲದಿಂದ ಅರ್ಧ ಎದ್ದಿದ್ದ. ಅವನ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡು, ಎಲ್ಲವನ್ನೂ ಪೇರಿಸಿ ಹಿತ್ತಲಿಗೆ ಹೋದೆ. ಕೆಲಸವಿಲ್ಲದ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಚಾಪೆಯ ಮೇಲೆ ಹಾಗೇ ಕೂತಿದ್ದ, ತೊಟ್ಟಿಲು ಬಿಟ್ಟು ಬಂದ ಮಗುವಿನ ಹಾಗೆ ಸುತ್ತ ನೋಡುತ್ತ. ನಲ್ಲಿ ತಿರುಗಿಸಿ, ಕಲ್ಲಿನ ಮೇಲೆ ತಟ್ಟೆ ಇಟ್ಟು ಉಜ್ಜತೊಡಗಿದೆ. ಬಲಗೈ ಉಜ್ಜಿತು, ಎಡಗೈ ತಿರುಗಿಸಿತು, ಬಲಗಾಲು ತನ್ನಷ್ಟಕ್ಕೆ ಕಲ್ಲಿನ ಬುಡಕ್ಕೆ ಬಡಿಯತೊಡಗಿತು. ಕಾಲ್ಜೊತೆ, ಒಂಟಿ, ಕೈಜೊತೆ, ಒಂಟಿ. ಎರಡನೆಯ ತಟ್ಟೆಯ ಹೊತ್ತಿಗೆ ಒಳಗಿನಿಂದ ಅಪ್ಪನ ದನಿ ಬಂತು.

"ಕಾಲು ಚೂರು ಹಿಂದೆ ಬೀಳ್ತಿದೆ ನೋಡು."

ನಾನು ವಾದಿಸಲಿಲ್ಲ. ಕಾಲನ್ನು ಸರಿಮಾಡಿಕೊಂಡೆ.